ತುಕ್ಕು, ತಗಡು, ಹೆದ್ದಾರಿ: ಕಣಗಲಾ ಸೀಮೆಯ ಪತ್ರಾ ಕೆಲಸದ ಚರಿತ್ರೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಕಣಗಲಾ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರಕ್ಕೂ ನಿಪ್ಪಾಣಿಗೂ ನಡುವೆ, ತವಂದಿ ಘಾಟಿನ ಈಚೆಗಿರುವ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆ ಮತ್ತು ಬೆಳಗಾವಿಗಳನ್ನು ಜೋಡಿಸಿದ ರೈಲುದಾರಿ ಮೀರಜ, ರಾಯಬಾಗ, ಘಟಪ್ರಭಾಗಳ ಮೇಲೆ ಪೂರ್ವಕ್ಕೆ ಸರಿದು ಹೋದುದರಿಂದ ಈ ಮೂರೂ ಊರುಗಳಿಗೆ ರೈಲು ದಕ್ಕಲಿಲ್ಲ. ನಿಪ್ಪಾಣಿಯ ತಂಬಾಕು, ಹಿರಣ್ಯಕೇಶಿ ನದಿಯ ದಂಡೆಯ ಕಬ್ಬು ಮತ್ತು ಬೆಲ್ಲ, ಕೊಂಕಣಕ್ಕೆ ಇಳಿಯುವ ದವಸ ಎಲ್ಲವೂ ರಸ್ತೆಯನ್ನೇ ನೆಚ್ಚಬೇಕಾಯಿತು. ಹೀಗೆ ರಸ್ತೆಯನ್ನು ನೆಚ್ಚಿದ ಸೀಮೆಯಲ್ಲಿ ವಾಹನ ಕೆಟ್ಟರೆ ಬದುಕೂ ನಿಲ್ಲುತ್ತಿತ್ತು, ಮತ್ತು ಎಂಜಿನ್ನು ಕೆಡುವುದಕ್ಕಿಂತ ನಿಧಾನವಾಗಿ, ಆದರೆ ತಪ್ಪದೆ, ಕೆಡುತ್ತಿದ್ದುದು ವಾಹನದ ಮೈ. ತುಕ್ಕು ತಿಂದ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಬಡಿದು ಕೂರಿಸಿ, ಬೆಸೆದು, ನಯಗೊಳಿಸಿ ಬಣ್ಣಕ್ಕೆ ಸಿದ್ಧಪಡಿಸುವ ಕಸುಬಿಗೆ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದೂ, ಈ ಭಾಗದ ಬಳಕೆಯಲ್ಲಿ ತಗಡಿಗೆ ಪತ್ರಾ ಎನ್ನುವುದರಿಂದ ಪತ್ರಾ ಕೆಲಸವೆಂದೂ ಹೆಸರು. ಎಂಜಿನ್ ಮಿಸ್ತ್ರಿಗೆ ಇರುವ ಮರ್ಯಾದೆ ಪತ್ರಾ ಮಿಸ್ತ್ರಿಗೆ ಎಂದೂ ಸಿಕ್ಕಿಲ್ಲವಾದರೂ, ಕೈಕೌಶಲದ ವಂಶಾವಳಿಯನ್ನು ಹುಡುಕಿದರೆ ಇವೆರಡರಲ್ಲಿ ಹಳೆಯದು ಪತ್ರಾ ಕೆಲಸವೇ.

ಮೋಟಾರು ಬರುವ ಮೊದಲೇ ಈ ಸೀಮೆಯಲ್ಲಿ ಲೋಹದ ಹಾಳೆಯ ಸ್ವಭಾವವನ್ನು ಬಲ್ಲ ಕೈಗಳು ಇದ್ದವು. ತಾಮ್ರದ ತಗಡನ್ನು ಕೊಡತಿಯಿಂದ ಬಡಿದು ಹಂಡೆ, ಕೊಡ, ತಪೇಲಿಗಳನ್ನು ಮಾಡುತ್ತಿದ್ದ ತಾಂಬಟರು, ಪಾತ್ರೆಯ ಒಳಮೈಗೆ ತವರ ಬಳಿಯುತ್ತಿದ್ದ ಕಲಾಯಿಗಾರರು, ನೇಗಿಲು ಕುಂಟೆಗಳ ಕಬ್ಬಿಣ ಕಾಯಿಸುತ್ತಿದ್ದ ಕಮ್ಮಾರರು, ಚಕ್ಕಡಿ ಕಟ್ಟುತ್ತಿದ್ದ ಬಡಿಗೇರರು ಜಿಲ್ಲೆಯ ಪೇಟೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಕಾಣುತ್ತಿದ್ದರು. ಬೆಳಗಾವಿಯ ಬೋಗಾರವೇಸ್ ಪೇಟೆ ತಾಮ್ರ ಹಿತ್ತಾಳೆಗಳ ವ್ಯವಹಾರದ ಬೋಗಾರರ ಹೆಸರನ್ನು ಇಂದಿಗೂ ಹೊತ್ತಿದೆ. ಹಾಳೆಯನ್ನು ಬಡಿದಷ್ಟೂ ಅದು ತೆಳುವಾಗಿ ಹಿಗ್ಗುತ್ತದೆ, ಹಿಗ್ಗಿದ ಲೋಹ ಉಬ್ಬಲು ಜಾಗ ಹುಡುಕುತ್ತದೆ, ಬಡಿದು ಗಡುಸಾದುದನ್ನು ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದು ತಾಂಬಟನ ಮೊದಲ ಪಾಠ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವಾಗ ಕಮ್ಮಾರನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಯ ಮೇಲೆ ಇಳಿಸಿ, ನೀರು ಸುರಿದು ಕುಗ್ಗಿಸಿ ಬಿಗಿಯುತ್ತಿದ್ದುದು ಕಾವು ಮತ್ತು ತಂಪುಗಳಿಂದ ಲೋಹವನ್ನು ಆಳುವ ವಿದ್ಯೆ. ಕಾರಿನ ಬಾಗಿಲಿನ ಉಬ್ಬನ್ನು ಕಾಯಿಸಿ, ಒದ್ದೆ ಬಟ್ಟೆಯೊತ್ತಿ ಕುಗ್ಗಿಸುವ ಮಿಸ್ತ್ರಿ ಮಾಡುವುದು ಇದೇ ಕೆಲಸವನ್ನು, ಇನ್ನಷ್ಟು ತೆಳುವಾದ ಹಾಳೆಯ ಮೇಲೆ, ಇನ್ನಷ್ಟು ಚಿಕ್ಕ ಜಾಗದಲ್ಲಿ.

ಯಂತ್ರೋದ್ಯಮದ ಸಂಪರ್ಕವೂ ಈ ಜಿಲ್ಲೆಗೆ ಹೊಸದಾಗಿರಲಿಲ್ಲ. 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತು. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಇಳಿದರು. ಅವರು 1910ರಲ್ಲಿ ಬೆಳಗಾವಿ ಬಿಟ್ಟು ಕುಂಡಲದ ಬಳಿ ಕಿರ್ಲೋಸ್ಕರವಾಡಿ ಕಟ್ಟಿದರು, ಅನಂತರದ ದಶಕಗಳಲ್ಲಿ ಕೊಲ್ಹಾಪುರ ಎರಕದ ಕೆಲಸಕ್ಕೂ ಯಂತ್ರಭಾಗಗಳಿಗೂ ಹೆಸರಾಯಿತು. ಕಣಗಲಾದಂಥ ಊರಿಗೆ ಹತ್ತಿರದ ದೊಡ್ಡ ಪೇಟೆಗಳು ಹೀಗೆ ಎರಡು: ದಕ್ಷಿಣಕ್ಕೆ ಬೆಳಗಾವಿ, ಉತ್ತರಕ್ಕೆ ಕೊಲ್ಹಾಪುರ. ಕನ್ನಡ, ಮರಾಠಿ, ಹಿಂದಿಗಳು ಬೆರೆತ ಇಲ್ಲಿನ ಗ್ಯಾರೇಜು ಭಾಷೆ ಈ ಎರಡು ದಿಕ್ಕಿನ ಓಡಾಟದ ಫಲ.

ಮೊದಲ ತಲೆಮಾರಿನ ಮೋಟಾರುಗಳ ಮೈ ಬಹುಪಾಲು ಮರದ್ದು. ಲಾರಿ ಮತ್ತು ಬಸ್ಸುಗಳನ್ನು ಕಂಪನಿಗಳು ಚಾಸಿಯಾಗಿ, ಎಂದರೆ ಎಂಜಿನ್ನು ಗಾಲಿಗಳನ್ನು ಹೊತ್ತ ಬರಿಯ ಉಕ್ಕಿನ ಅಡಿಗಟ್ಟಾಗಿ ಮಾರುತ್ತಿದ್ದವು; ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸಿ ತಗಡು ಹೊದಿಸುವುದು ಕೊಂಡವನ ಊರಿನ ಬಡಿಗನಿಗೂ ಪತ್ರಾ ಬಡಿಯುವವನಿಗೂ ಸೇರಿದ ಕೆಲಸ. ಬಾಡಿ ಕಟ್ಟುವುದು ಎಂಬ ಹೆಸರಿನಿಂದ ಲಾರಿಗಳ ಮಟ್ಟಿಗೆ ಈ ಪದ್ಧತಿ ಇಂದಿಗೂ ಉಳಿದಿದೆ. ಮರ ಮತ್ತು ತಗಡು ಕೂಡಿದಲ್ಲಿ ಮಳೆಗಾಲದ ತೇವ ನಿಂತು, ಮೊಳೆ ಹೊಡೆದ ತೂತುಗಳಿಂದ ತುಕ್ಕು ಹರಡುತ್ತಿತ್ತಾದರೂ ರಿಪೇರಿ ಸರಳವಾಗಿತ್ತು: ಮೊಳೆ ಕಿತ್ತು ಹಾಳೆ ಬದಲಿಸಿದರೆ ಮುಗಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಅಮೆರಿಕದ ಜೀಪುಗಳು ದೇಶದೊಳಗೆ ಹರಡಿದವು. ಸ್ವಾತಂತ್ರ್ಯದ ಬೆನ್ನಿಗೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು, ಮತ್ತು 1954ರಿಂದ ಟಾಟಾ–ಮರ್ಸಿಡಿಸ್ ಬೆಂಜ್ ಲಾರಿಗಳು ಜಮಶೇಡಪುರದಿಂದ ಹೊರಬಿದ್ದವು. ಸಾರ್ವಜನಿಕ ಸಾರಿಗೆಯ ಆಡಳಿತವೂ ಇದೇ ಕಾಲದಲ್ಲಿ ಕೈಬದಲಿಸುತ್ತ ಹೋಯಿತು. ಮುಂಬಯಿ ರಾಜ್ಯದ ಸರಕಾರಿ ಬಸ್ಸು 1948ರ ಜೂನ್ 1ರಂದು ಪುಣೆ–ಅಹಮದನಗರ ಮಾರ್ಗದಲ್ಲಿ ಮೊದಲು ಓಡಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವೂ, 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ವಾಯವ್ಯ ಸಾರಿಗೆ ಸಂಸ್ಥೆಯೂ ಬಂದವು. ಸರಕಾರಿ ಬಸ್ಸುಗಳಿಗೆ ಡಿಪೋಗಳಲ್ಲೇ ಕಾರ್ಯಾಗಾರ ಇದ್ದುದರಿಂದ ರಸ್ತೆಬದಿಯ ಪತ್ರಾ ಮಿಸ್ತ್ರಿಗೆ ಉಳಿದದ್ದು ಖಾಸಗಿ ಲಾರಿ, ಜೀಪು, ಟೆಂಪೋ, ಟ್ರ್ಯಾಕ್ಟರ್ ಟ್ರೇಲರ್ ಮತ್ತು ಉಳ್ಳವರ ಕಾರು.

1950ರಿಂದ 1980ರವರೆಗಿನ ಅವಧಿಯನ್ನು ಈ ಕಸುಬಿನ ಉಚ್ಛ್ರಾಯಕಾಲ ಎನ್ನಬಹುದು, ಮತ್ತು ಅದಕ್ಕೆ ಕಾರಣ ಸಮೃದ್ಧಿಯಲ್ಲ, ಕೊರತೆ. ದೇಶದ ರಸ್ತೆಯ ಮೇಲೆ ಕಾರೆಂದರೆ ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಸಂಸ್ಥೆಯ ಫಿಯೆಟ್ (1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ತಳೆದದ್ದು), ಮದರಾಸಿನ ಸ್ಟ್ಯಾಂಡರ್ಡ್ ಇಷ್ಟೇ. ಲೈಸೆನ್ಸು ವ್ಯವಸ್ಥೆಯಿಂದಾಗಿ ಹೊಸ ವಾಹನಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಉಕ್ಕಿನ ಹಂಚಿಕೆಯೂ ಸರಕಾರದ ಹತೋಟಿಯಲ್ಲಿತ್ತು; ಸಾರ್ವಜನಿಕ ವಲಯದಲ್ಲಿ ತೆಳುಹಾಳೆಗೆಂದೇ ರೂಪಿಸಿದ ರೂರ್ಕೆಲಾ ಕಾರ್ಖಾನೆಯ ಮೊದಲ ಊದುಕುಲುಮೆ ಹೊತ್ತಿದ್ದು 1959ರಲ್ಲಿ. ಹೊಸ ಗಾಡಿಯೂ ಇಲ್ಲ, ಹೊಸ ತಗಡೂ ಇಲ್ಲ ಎಂಬ ಸ್ಥಿತಿಯಲ್ಲಿ ಇದ್ದ ಗಾಡಿಯ ಆಯುಸ್ಸನ್ನು ಹಿಗ್ಗಿಸುವುದೇ ಏಕೈಕ ದಾರಿಯಾಯಿತು. ಎಣ್ಣೆಯ ಬ್ಯಾರಲ್ಲನ್ನು ಉದ್ದುದ್ದ ಸೀಳಿ ಬಿಡಿಸಿದ ಹಾಳೆ, ಗುಜರಿಗೆ ಹೋದ ಬಾನೆಟ್ಟಿನ ತುಂಡು, ಕೆಡವಿದ ಲಾರಿಯ ಬದಿಯ ತಗಡು ಇವೆಲ್ಲ ಪತ್ರಾ ಮಿಸ್ತ್ರಿಯ ದಾಸ್ತಾನು. ಹಾಳೆಯ ದಪ್ಪವನ್ನು ಅವನು ಗೇಜಿನ ಲೆಕ್ಕದಲ್ಲಿ ಹೇಳುತ್ತಾನೆ, ಮತ್ತು ಅದು ತಿರುಗುಮುರುಗಿನ ಲೆಕ್ಕ: ಸಂಖ್ಯೆ ಹೆಚ್ಚಿದಂತೆ ತಗಡು ತೆಳುವಾಗುತ್ತದೆ. 18 ಗೇಜಿನದು ಸುಮಾರು 1.2 ಮಿಲಿಮೀಟರ್, 20 ಗೇಜಿನದು 0.9, 22 ಗೇಜಿನದು 0.7. ಬ್ಯಾರಲ್ಲಿನ ದಪ್ಪ ತಗಡು ಜೀಪಿನ ನೆಲಕ್ಕೆ ಒಗ್ಗುತ್ತಿತ್ತು. ಫಿಯೆಟ್ಟಿನ ಬಾಗಿಲಿನ ತಿರುವಿಗೆ ಅದನ್ನು ಬಗ್ಗಿಸುವುದು ಬಡಿಯುವವನ ತೋಳನ್ನು ಪರೀಕ್ಷಿಸುತ್ತಿತ್ತು.

ತುಕ್ಕು ಎಂದರೆ ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಕೂಡಿ ಮತ್ತೆ ಅದಿರಿನ ಸ್ಥಿತಿಯತ್ತ ಮರಳುವ ಕ್ರಿಯೆ. ಹುಟ್ಟುವ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎತ್ತುತ್ತದೆ, ಎತ್ತಿದ ಸಂದಿಯಲ್ಲಿ ಇನ್ನಷ್ಟು ನೀರು ಸೇರುತ್ತದೆ. ಉಪ್ಪು ಬೆರೆತರೆ ಈ ಕ್ರಿಯೆ ತೀವ್ರವಾಗುತ್ತದೆ. ಕಣಗಲಾ ಸಮುದ್ರದಿಂದ ದೂರವಿದ್ದರೂ ಅಲ್ಲಿನ ವಾಹನಗಳು ದೂರವಿರಲಿಲ್ಲ: ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮತ್ತು ಅಂಬೋಲಿ ಘಾಟಿನ ಮೂಲಕ ಸಾವಂತವಾಡಿಗೂ ಗೋವೆಗೂ ಇಳಿಯುವ ರಸ್ತೆ ಸಹ್ಯಾದ್ರಿಯ ಅತಿಹೆಚ್ಚು ಮಳೆ ಸುರಿಯುವ ಭಾಗವೊಂದನ್ನು ಹಾದು ಉಪ್ಪುಗಾಳಿಯ ದಂಡೆಗೆ ಮುಟ್ಟುತ್ತದೆ. ಊರಿನೊಳಗಿನ ಕಾರಣಗಳೂ ಕಡಿಮೆಯಿಲ್ಲ. ಪೊಟ್ಯಾಶ್ ಗೊಬ್ಬರ ರಾಸಾಯನಿಕವಾಗಿ ಕ್ಲೋರೈಡು, ಎಂದರೆ ಅಡಿಗೆ ಉಪ್ಪಿನ ದಾಯಾದಿ. ಅದರ ಚೀಲ ಹೊತ್ತು ಚೆಲ್ಲಿಸಿಕೊಂಡ ಟ್ರೇಲರಿನ ನೆಲ ಎರಡು ಮಳೆಗಾಲಕ್ಕೆ ಜಾಳಾಗುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಗೂ ಗೋಕಾಕ ಭಾಗದ ಕಾರ್ಖಾನೆಗಳಿಗೂ ಕಬ್ಬು ಸಾಗಿಸುವ ಗಾಡಿಗಳ ಮೂಲೆಗಳಲ್ಲಿ ಹಸಿ ರವದಿ, ಹುಳಿಯೇರಿದ ಕಬ್ಬಿನ ಹಾಲು, ಎರೆಮಣ್ಣು ಕೂಡಿ ತಿಂಗಳುಗಟ್ಟಲೆ ತೇವ ಹಿಡಿದು ಕೂರುತ್ತವೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಒಂಬತ್ತು ಪಟ್ಟು ನೀರಿನಲ್ಲಿ ಕದಡಿ, ತುಕ್ಕು ಹಿಡಿದ ಭಾಗವನ್ನು ವಾರಗಟ್ಟಲೆ ನೆನೆಸಿದರೆ ತುಕ್ಕು ಕರಗಿ ಬರಿ ಲೋಹ ಉಳಿಯುತ್ತದೆಂಬುದು ಹಳೆಯ ವಾಹನಗಳನ್ನು ಉಳಿಸುವವರಿಗೆ ಬೇರೆ ದೇಶಗಳಲ್ಲಿ ಪರಿಚಿತ ಉಪಾಯ. ಕಾಕಂಬಿ ಹೊಳೆಯಂತೆ ಹುಟ್ಟುವ ಸೀಮೆಯಲ್ಲಿ ಅದು ಗ್ಯಾರೇಜಿಗಿಂತ ಭಟ್ಟಿಗೆ ಹೋಗುತ್ತದೆ, ಅಬಕಾರಿಯವರ ಕಣ್ಣೂ ಅದರ ಮೇಲೆಯೇ.

ಹಳೆಯ ಕಬ್ಬಿಣ ತುಕ್ಕು ಹಿಡಿಯುತ್ತಿರಲಿಲ್ಲ ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. ಕೊಡಚಾದ್ರಿಯ ಮೇಲೆ, ಮಲೆನಾಡಿನ ಮಳೆಯಲ್ಲೇ ನಿಂತಿರುವ ಕಬ್ಬಿಣದ ಸ್ತಂಭವನ್ನು ನೋಡಿದರೆ ಮಾತಿನಲ್ಲಿ ತಿರುಳಿದೆ ಅನ್ನಿಸುತ್ತದೆ. ಆದರೆ ಇದ್ದಿಲಿನಲ್ಲಿ ಕರಗಿಸಿ ಬಡಿದು ಕೂಡಿಸಿದ ಆ ಕಬ್ಬಿಣಕ್ಕೂ ಅಂಬಾಸಿಡರಿನ ಹಾಳೆಗೂ ಸಂಬಂಧವಿಲ್ಲ. ಅಂಬಾಸಿಡರಿನ ಮೈ ಬಹುಕಾಲ ಬಾಳಿದ್ದು ಅದರ ಉಕ್ಕಿನ ಗುಣದಿಂದಲ್ಲ, ದಪ್ಪದಿಂದ ಮತ್ತು ರಿಪೇರಿಯಿಂದ.

ವಾಹನದ ಮೈಯಲ್ಲಿ ತುಕ್ಕು ಕಣ್ಣಿಗೆ ಕಾಣುವಲ್ಲಿ ಹುಟ್ಟುವುದಿಲ್ಲ. ಬಾಗಿಲಿನ ಕೆಳ ಅಂಚಿನ ಮಡಿಕೆ, ಬಾಗಿಲಿನ ಅಡಿಯಲ್ಲಿ ಉದ್ದಕ್ಕೆ ಚಾಚಿರುವ, ಇಲ್ಲಿ ರನ್ನಿಂಗ್ ಬೋರ್ಡ್ ಎನ್ನುವ ಪೊಳ್ಳು ಪೆಟ್ಟಿಗೆ, ಗಾಲಿಯ ಕಮಾನಿನ ಒಳಬದಿ, ಡಿಕ್ಕಿಯ ನೆಲ, ಹೆಡ್‌ಲೈಟಿನ ಹಿಂದಿನ ಗೂಡು ಇವು ಅದರ ಬೀಡುಗಳು. ನೀರು ಹೊರಹೋಗಲು ತಯಾರಕರು ಬಿಟ್ಟ ಸಣ್ಣ ತೂತುಗಳು ಕೆಸರಿನಿಂದ ಮುಚ್ಚಿದ ದಿನ ಅಲ್ಲಿ ತುಕ್ಕಿನ ಲೆಕ್ಕ ಆರಂಭವಾಗುತ್ತದೆ. ಇಲ್ಲಿ ಜೀಪಿಗೂ ಕಾರಿಗೂ ಇರುವ ಭೇದವನ್ನು ಗಮನಿಸಬೇಕು. ಜೀಪಿನಲ್ಲಿ ಭಾರ ಹೊರುವುದು ಕೆಳಗಿನ ಚಾಸಿ, ತಗಡಿನ ಮೈ ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ತೊಟ್ಟಿ; ಅದರ ನೆಲಕ್ಕೆ ಹಚ್ಚುವ ತುಂಡು ಕೌದಿಗೆ ಹಾಕುವ ತೇಪೆಯಂತೆ, ಅಂದ ಕೆಟ್ಟರೂ ಅಪಾಯವಿಲ್ಲ. ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಾದರೋ ಬೇರೆ ಚಾಸಿಯಿಲ್ಲ, ಮಡಿಸಿ ಬೆಸೆದ ತಗಡೇ ಅಡಿಗಟ್ಟು. ತಾಂತ್ರಿಕ ಭಾಷೆಯಲ್ಲಿ ಮೊನೊಕಾಕ್ ಎನಿಸುವ ಈ ರಚನೆಯಲ್ಲಿ ರನ್ನಿಂಗ್ ಬೋರ್ಡ್ ಕೊಳೆತರೆ ಕಾರು ನಡುವಿನಲ್ಲಿ ಬಾಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಅನುಭವಸ್ಥ ಮಿಸ್ತ್ರಿ ಹಳೆಯ ಪದ್ಮಿನಿ ಬಂದೊಡನೆ ಬಣ್ಣವನ್ನು ನೋಡದೆ ನಾಲ್ಕೂ ಬಾಗಿಲು ತೆಗೆದು ಹಾಕಿ ನೋಡುವುದು ಈ ಕಾರಣಕ್ಕೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ, ಏಕೆಂದರೆ ಕಸುಬಿನ ಚರಿತ್ರೆ ಬಹುಮಟ್ಟಿಗೆ ಅದರ ಕ್ರಮದಲ್ಲೇ ಅಡಗಿದೆ. ಮೊದಲು ತಗಡಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗುತ್ತಾರೆ; ಗಟ್ಟಿ ಲೋಹದ ದನಿ ಕಣಕಣವೆನ್ನುತ್ತದೆ, ಕೊಳೆತದ್ದು ಬೊದ್ದಾಗಿ ಕೇಳುತ್ತದೆ, ಅನುಮಾನವಿದ್ದಲ್ಲಿ ಮೊನೆಯಿಂದ ಒತ್ತಿದರೆ ತೂತು ಬೀಳುತ್ತದೆ. ಗುಳ್ಳೆ ಅಂಗೈಯಗಲ ಕಂಡರೆ ಕತ್ತರಿಸಬೇಕಾದ ಭಾಗ ಅದರ ಎರಡರಷ್ಟು, ಕೆಲವೊಮ್ಮೆ ಮೂರರಷ್ಟು ಇರುತ್ತದೆ, ಏಕೆಂದರೆ ತುಕ್ಕು ಒಳಗಿನಿಂದ ಹೊರಗೆ ಬಂದಿರುತ್ತದೆ. ಚಾಣ ಸುತ್ತಿಗೆಗಳಿಂದ ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ರಟ್ಟಿನ ಮೇಲೆ ಆ ಖಾಲಿ ಜಾಗದ ಆಕಾರ ತೆಗೆದು, ರಟ್ಟನ್ನು ಹೊಸ ಹಾಳೆಯ ಮೇಲಿಟ್ಟು ಗೀರಿ, ತಗಡಿನ ಕತ್ತರಿಯಿಂದ ಕೊಯ್ಯುತ್ತಾರೆ. ತಿರುವನ್ನು ತರಲು ಹಾಳೆಯನ್ನು ರೈಲು ಹಳಿಯ ತುಂಡಿನ ಮೇಲೆ, ಇಲ್ಲವೇ ಮರಳು ತುಂಬಿದ ಚೀಲದ ಮೇಲೆ ಇಟ್ಟು ಕೊಡತಿಯಿಂದ ಬಡಿಯುತ್ತಾರೆ. ಅಂತಿಮ ನಯಕ್ಕೆ ಒಳಬದಿಯಿಂದ ಡಾಲಿ, ಎಂದರೆ ಮುಷ್ಟಿಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ, ಒತ್ತಿಹಿಡಿದು ಹೊರಗಿನಿಂದ ಚಪ್ಪಟೆ ಸುತ್ತಿಗೆಯಿಂದ ತಟ್ಟುತ್ತಾರೆ. ಬಳಿಕ ಬೆಸುಗೆ. ತುಂಡನ್ನು ಹಳೆಯ ತಗಡಿನ ಮೇಲೆ ಹೊದಿಸಿ ಬೆಸೆಯುವುದು ಸುಲಭ, ಬೇಗ ಆಗುತ್ತದೆ, ಆದರೆ ಎರಡು ಹಾಳೆಗಳ ನಡುವೆ ಉಳಿದ ಸಂದಿಯಲ್ಲಿ ನೀರು ನಿಂತು ಮುಂದಿನ ತುಕ್ಕಿನ ಬೀಜ ಅಲ್ಲೇ ಬೀಳುತ್ತದೆ. ಅಂಚಿಗೆ ಅಂಚು ಮುಟ್ಟಿಸಿ ಬೆಸೆಯುವುದು ಕಷ್ಟ. ಒಂದು ಕೂದಲೆಳೆ ಹೆಚ್ಚು ಕೊಯ್ದರೆ ತುಂಡು ಹಾಳು, ಹೆಚ್ಚು ಕಾಯಿಸಿದರೆ ಇಡೀ ಬಾಗಿಲು ಹಪ್ಪಳದಂತೆ ಅಲೆಯೇಳುತ್ತದೆ. ಆದ್ದರಿಂದ ಬಲ್ಲವರು ಒಂದೇ ಎಳೆಯಲ್ಲಿ ಬೆಸೆಯದೆ, ಮೂಲೆಗೊಂದು ಚುಕ್ಕೆ, ಎದುರು ಮೂಲೆಗೊಂದು ಚುಕ್ಕೆ ಇಟ್ಟು, ಪ್ರತಿ ಚುಕ್ಕೆಗೂ ಒದ್ದೆ ಅರಿವೆ ಒತ್ತಿ, ಕಾವು ಹರಡದಂತೆ ಕಾಯುತ್ತ ಸುತ್ತು ಮುಗಿಸುತ್ತಾರೆ.

ಬೆಸುಗೆಯ ಬೆಂಕಿಯೂ ಕಾಲದಿಂದ ಕಾಲಕ್ಕೆ ಬದಲಾಗಿದೆ. ಆಮ್ಲಜನಕ ಮತ್ತು ಅಸಿಟಿಲಿನ್ ಅನಿಲಗಳನ್ನು ಕೂಡಿಸಿ ಮೂರು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುವ ಜ್ವಾಲೆ ಪಡೆಯುವ ವಿಧಾನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ಭಾರತದಲ್ಲಿ ಈ ಅನಿಲಗಳನ್ನು ಒದಗಿಸುವ ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಿಲಿನ್ ಕಂಪನಿ 1935ರಲ್ಲಿ ಸ್ಥಾಪನೆಯಾಯಿತು. ಸಣ್ಣ ಊರಿನ ಗ್ಯಾರೇಜು ಸಿಲಿಂಡರಿನಲ್ಲಿ ತರಿಸುತ್ತಿದ್ದುದು ಆಮ್ಲಜನಕವನ್ನು ಮಾತ್ರ; ಅಸಿಟಿಲಿನನ್ನು ಡ್ರಮ್ಮಿನೊಳಗೆ ಕಾರ್ಬೈಡ್ ಕಲ್ಲಿನ ಮೇಲೆ ನೀರು ಬಿಟ್ಟು ಅಲ್ಲಿಯೇ ಹುಟ್ಟಿಸಿಕೊಳ್ಳುತ್ತಿತ್ತು. ಮಾವು ಬಾಳೆಗಳನ್ನು ಅಕ್ರಮವಾಗಿ ಹಣ್ಣು ಮಾಡಲು ಬಳಸಿ ಕುಖ್ಯಾತವಾದ ಕಾರ್ಬೈಡ್ ಇದೇ. ವಿದ್ಯುತ್ತಿನ ಬೆಸುಗೆಗೆ ಸ್ಥಿರವಾದ ಕರೆಂಟು ಬೇಕು, ಈ ವಿಷಯದಲ್ಲಿ ಹುಕ್ಕೇರಿ ತಾಲೂಕಿಗೆ ಒಂದು ವಿಶಿಷ್ಟ ಚರಿತ್ರೆಯಿದೆ: ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು 1969ರಲ್ಲಿ ಇಲ್ಲಿಯೇ ಹುಟ್ಟಿತು, ಮತ್ತು ಸರಕಾರಿ ಮಂಡಳಿಯ ಬದಲು ಗ್ರಾಹಕರೇ ಸದಸ್ಯರಾದ ಸಂಘ ತಾಲೂಕಿಗೆ ವಿದ್ಯುತ್ ಹಂಚಿತು. ನೀರೆತ್ತುವ ಪಂಪಿಗೆಂದು ಬಂದ ಕರೆಂಟು ವೆಲ್ಡಿಂಗ್ ಅಂಗಡಿಗೂ ದಾರಿ ಮಾಡಿತು. ಆದರೆ ಕಡ್ಡಿಯ ವೆಲ್ಡಿಂಗ್ ಟ್ರೇಲರಿಗೂ ಚಾಸಿಗೂ ಸರಿ, ಕಾರಿನ ತೆಳು ತಗಡನ್ನು ಅದು ಸುಟ್ಟು ತೂತುಮಾಡುತ್ತದೆ. ಹೀಗಾಗಿ ಮಿಸ್ತ್ರಿಗಳು ಸಿಓಟು ಎಂದು ಕರೆಯುವ, ಇಂಗಾಲದ ಡೈಆಕ್ಸೈಡಿನ ಮುಸುಕಿನಡಿ ಸಣ್ಣ ತಂತಿ ಕರಗಿಸುವ ಯಂತ್ರ ಬರುವ ತನಕ ಕಾರಿನ ಕೆಲಸ ಗ್ಯಾಸಿನ ಕೈಯಲ್ಲೇ ಉಳಿಯಿತು.

ಬೆಸೆದ ಮೇಲೆ ಉಳಿಯುವ ತಗ್ಗುದಿಣ್ಣೆಗಳನ್ನು ತುಂಬುವ ವಿಷಯದಲ್ಲಿ ಕಸುಬು ತನ್ನ ಅತಿ ಬೆಲೆಬಾಳುವ ವಿದ್ಯೆಯನ್ನು ಕಳೆದುಕೊಂಡಿತು. ಹಳೆಯ ಪದ್ಧತಿಯಲ್ಲಿ ಆ ತಗ್ಗನ್ನು ತುಂಬುತ್ತಿದ್ದುದು ಸೀಸ ಮತ್ತು ತವರಗಳ ಮಿಶ್ರಲೋಹ. ನೂರರಲ್ಲಿ ಎಪ್ಪತ್ತು ಪಾಲು ಸೀಸ, ಮೂವತ್ತು ಪಾಲು ತವರ ಕೂಡಿದ ಕಡ್ಡಿ 183 ಡಿಗ್ರಿಯಿಂದ ಸುಮಾರು 255 ಡಿಗ್ರಿಯವರೆಗೆ ಪೂರ್ತಿ ಕರಗದೆ ಬೆಣ್ಣೆಯ ಹದದಲ್ಲಿರುತ್ತದೆ, ಆ ಹದದಲ್ಲಿ ಅದನ್ನು ಎಣ್ಣೆ ಸವರಿದ ಮರದ ಹಲಗೆಯಿಂದ ತಗಡಿನ ಮೇಲೆ ತೀಡಬಹುದು. ಅದು ಅಂಟಬೇಕಾದರೆ ಮೊದಲು ತಗಡನ್ನು ಬೆಳ್ಳಗೆ ಉಜ್ಜಿ, ಕಾಯಿಸಿ, ತವರದ ತೆಳುವಾದ ಪದರ ಹಿಡಿಸಬೇಕು. ಕಲಾಯಿಗಾರನು ತಾಮ್ರದ ಪಾತ್ರೆಯನ್ನು ಉಜ್ಜಿ, ಕಾಯಿಸಿ, ನವಸಾಗರದ ಪುಡಿಯನ್ನು ಅರಳೆಯಿಂದ ಸವರಿ, 232 ಡಿಗ್ರಿಗೆ ಕರಗುವ ತವರವನ್ನು ಒಂದೇ ಬೀಸಿಗೆ ಒಳಮೈಗೆಲ್ಲ ಹರಡುವುದಕ್ಕೂ ಇದಕ್ಕೂ ಲೋಹವೊಂದನ್ನು ಬಿಟ್ಟರೆ ಅಂತರವಿಲ್ಲ. ಸ್ಟೀಲು ಮತ್ತು ಅಲ್ಯೂಮಿನಿಯಮ್ಮಿನ ಪಾತ್ರೆಗಳು ಮನೆಗಳನ್ನು ಹೊಕ್ಕು ಕಲಾಯಿಯ ಕೂಗು ಓಣಿಗಳಿಂದ ಮರೆಯಾಗುತ್ತಿದ್ದ ಕಾಲದಲ್ಲಿಯೇ ಗ್ಯಾರೇಜು ಆ ಕೈಗೆ ಹೊಸ ಆಸರೆಯಾಗಬಲ್ಲ ಜಾಗವಾಗಿತ್ತು. ಸೀಸದ ಹೊಗೆ ಮತ್ತು ಪುಡಿ ದೇಹಕ್ಕೆ ವಿಷ ಎಂಬುದು ನಿಜ, ಅದನ್ನು ಬಿಡಲು ಅದೊಂದೇ ಕಾರಣ ಸಾಕಿತ್ತು. ವಾಸ್ತವವಾಗಿ ಅದು ಹೋದದ್ದು ಆರೋಗ್ಯದ ಕಾಳಜಿಯಿಂದಲ್ಲ, ಪುಟ್ಟಿ ಅಗ್ಗವಾಗಿದ್ದುದರಿಂದ.

ಪಾಲಿಯೆಸ್ಟರ್ ರಾಳಕ್ಕೆ ಕಲ್ಲಿನ ಪುಡಿ ಬೆರೆಸಿದ, ಗಟ್ಟಿಯಾಗಿಸುವ ದ್ರವ್ಯದ ಒಂದು ತೊಟ್ಟಿನಿಂದ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುವ ಪುಟ್ಟಿ ಅಮೆರಿಕದಲ್ಲಿ 1950ರ ದಶಕದಲ್ಲಿ ಹುಟ್ಟಿದ ವಸ್ತು. ತೆಳುವಾಗಿ, ಗಟ್ಟಿ ಲೋಹದ ಮೇಲೆ ಬಳಿದರೆ ಅದರಲ್ಲಿ ದೋಷವಿಲ್ಲ. ಆದರೆ ತುಕ್ಕನ್ನು ಕತ್ತರಿಸದೆ, ತೂತಿನ ಹಿಂದೆ ಜಾಲರಿಯ ತುಂಡನ್ನೋ ಕಾಗದವನ್ನೋ ಒತ್ತಿ, ಬೆರಳುದಪ್ಪ ಪುಟ್ಟಿ ಮೆತ್ತಿ, ಉಜ್ಜಿ ಬಣ್ಣ ಹೊಡೆದರೆ ಗಾಡಿ ಅಂದೇ ಹೊಸದರಂತೆ ಕಾಣುತ್ತದೆ. ಪುಟ್ಟಿ ತೇವ ಹೀರುವುದರಿಂದ ಅದರ ಹಿಂದಿನ ತುಕ್ಕು ಮುಂಚಿಗಿಂತ ವೇಗವಾಗಿ ಬೆಳೆದು, ಮುಂದಿನ ಮಳೆಗಾಲದಲ್ಲಿ ಇಡೀ ಹೆಂಟೆ ಕಳಚಿ ಬೀಳುತ್ತದೆ. ಪುಟ್ಟಿಯ ಮರೆಯ ಈ ಮೋಸವನ್ನು ಬಡತನದ ಉಪಾಯವೆಂದು ಸಮರ್ಥಿಸುವುದು ವಾಡಿಕೆಯಾದರೂ, ಅದು ಒಪ್ಪತಕ್ಕದ್ದಲ್ಲ: ತಗಡಿಗೆ ಪರದಾಡಿದ ಕಾಲದ ಮಿಸ್ತ್ರಿ ಬ್ಯಾರಲ್ಲು ಸೀಳಿ ಬೆಸೆಯುತ್ತಿದ್ದ, ತಗಡು ಕೈಗೆಟುಕಿದ ಕಾಲದಲ್ಲಿ, ಗಾಡಿಯನ್ನು ಬೇಗ ಮಾರಿಬಿಡುವ ಅವಸರದಲ್ಲಿ, ಪುಟ್ಟಿ ಮೆತ್ತುವ ಚಾಳಿ ಬೆಳೆಯಿತು. ಹಳೆಯ ಗಾಡಿ ಕೊಳ್ಳುವವರು ಬಾಗಿಲಿನ ಕೆಳಗೆ ಅಯಸ್ಕಾಂತ ಹಿಡಿದು, ಅದು ಅಂಟದಿದ್ದರೆ ಅಲ್ಲಿ ಪುಟ್ಟಿಯಿದೆ ಎಂದು ತಿಳಿಯುವುದು ಈ ಚಾಳಿ ಎಬ್ಬಿಸಿದ ಅಪನಂಬಿಕೆಯ ಫಲ.

ಬಣ್ಣದ ಕೆಲಸಕ್ಕೆ ಈ ಸೀಮೆಯಲ್ಲಿ ಒಂದು ಋತುವಿದೆ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆ ಡ್ಯೂಕೋ ಎಂಬ ಹೆಸರಿನಲ್ಲಿ ತಂದ, ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ ಭಾರತದ ಗ್ಯಾರೇಜುಗಳಲ್ಲಿ ಅದೇ ಹೆಸರಿನಿಂದ ದಶಕಗಟ್ಟಲೆ ಆಳಿತು. ಆದರೆ ಗಾಳಿಯಲ್ಲಿ ತೇವ ಹೆಚ್ಚಿದರೆ ಅದರ ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಆದಕಾರಣ ಆಷಾಢ ಶ್ರಾವಣಗಳಲ್ಲಿ ಕತ್ತರಿಸಿ ಬೆಸೆಯುವ ಕೆಲಸ, ಮಳೆ ಹಿಂದೆಗೆದ ಮೇಲೆ ಬಣ್ಣ. ನವರಾತ್ರಿಯ ಖಂಡೆ ಪೂಜೆಗೆ, ಎಂದರೆ ಆಯುಧಗಳ ಜೊತೆಗೆ ವಾಹನಗಳಿಗೂ ಪೂಜೆ ಸಲ್ಲುವ ದಿನಕ್ಕೆ, ಗಾಡಿ ಹೊಳೆಯಬೇಕೆಂಬ ಹಟದಿಂದ ಅದರ ಹಿಂದಿನ ಪಕ್ಷ ಗ್ಯಾರೇಜುಗಳಿಗೆ ಬಿಡುವಿಲ್ಲ. ಅದರ ಬೆನ್ನಿಗೇ ಕಬ್ಬು ನುರಿಸುವ ಹಂಗಾಮು, ಬಳಿಕ ಬನದ ಹುಣ್ಣಿವೆ ಮತ್ತು ಭಾರತ ಹುಣ್ಣಿವೆಗಳಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಜನ ತುಂಬಿಕೊಂಡು ಹೋಗುವ ಗಾಡಿಗಳು. ತಗಡಿನ ಹೊರಮೈಗೆ ಬಣ್ಣ ಬಿದ್ದರೂ ಅಡಿಯ ರಕ್ಷಣೆಗೆ ಊರಿನ ಮದ್ದೇ ನಡೆದುಬಂದಿದೆ: ಎಂಜಿನ್ನಿನಿಂದ ತೆಗೆದ ಕೆಟ್ಟ ಆಯಿಲ್‌ಗೆ ಡೀಸೆಲ್ ಬೆರೆಸಿ ಮಳೆಗಾಲಕ್ಕೆ ಮುನ್ನ ಸಿಂಪಡಿಸುವುದು. ಮಣ್ಣಿಗೂ ನೀರಿಗೂ ಅದು ಹಾನಿಯಾದರೂ, ಹಸಿ ತುಕ್ಕಿನ ಮೇಲೆ ಡಾಂಬರು ಬಳಿದು ತೇವವನ್ನು ಒಳಗೇ ಬಂಧಿಸುವುದಕ್ಕಿಂತ ಗಾಡಿಯ ಮಟ್ಟಿಗೆ ಲೇಸು.

1983ರ ಡಿಸೆಂಬರಿನಲ್ಲಿ ಮಾರುತಿ 800 ಹೊರಬಂದುದು ಕಸುಬಿನ ಲೆಕ್ಕಾಚಾರವನ್ನು ಬದಲಿಸಿತು. ಅದರ ತಗಡು ತೆಳು, ಮುಂದಿನ ಮಡ್‌ಗಾರ್ಡು ಬೋಲ್ಟು ಬಿಚ್ಚಿ ಬದಲಿಸುವಂಥದು, ಬಿಡಿಭಾಗ ಅಂಗಡಿಯಲ್ಲಿ ಸಿಗುವಂಥದು. ಬಡಿದು ತಿದ್ದುವ ಕೂಲಿ ಹೊಸ ಭಾಗದ ಬೆಲೆಯನ್ನು ಮುಟ್ಟಿದ ದಿನ ತಿದ್ದುವುದಕ್ಕೆ ಅರ್ಥ ಉಳಿಯಲಿಲ್ಲ. ಕಣಗಲಾದ ಮಟ್ಟಿಗೆ ಅದೇ ದಶಕದಲ್ಲಿ, 1985ರಲ್ಲಿ, ಕಾಂಡೋಮ್ ತಯಾರಿಸುವ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ ಬಂದು ಊರಿಗೆ ನೌಕರವರ್ಗವೊಂದನ್ನು ತಂದಿತು. ಹೊಸ ಶತಮಾನದ ಆರಂಭದಲ್ಲಿ ಸುವರ್ಣ ಚತುಷ್ಪಥ ಯೋಜನೆಯಡಿ ರಸ್ತೆ ಅಗಲವಾದಾಗ, ಹೆದ್ದಾರಿಯ ಅಂಚಿಗೆ ಬಾಗಿಲು ತೆರೆದು ಕೂರುತ್ತಿದ್ದ ಗ್ಯಾರೇಜು ಸರ್ವಿಸ್ ರಸ್ತೆಯ ಆಚೆಗೆ ಸರಿಯಬೇಕಾಯಿತು. ಸಾಗುವ ಲಾರಿ ಈಗ ಊರಲ್ಲಿ ನಿಲ್ಲದೆ ಸಾಗಿಬಿಡುತ್ತದೆ. ಇಷ್ಟರಲ್ಲಿ ಕಾರ್ಖಾನೆಗಳಲ್ಲಿ ತಗಡಿಗೆ ಸತುವಿನ ಲೇಪನ, ವಿದ್ಯುತ್ ಹರಿಸಿ ಇಡೀ ಮೈಯನ್ನು ಪ್ರೈಮರಿನಲ್ಲಿ ಅದ್ದುವ ವಿಧಾನ ಬಂದು ಹೊಸ ಕಾರುಗಳು ತುಕ್ಕು ಹಿಡಿಯುವುದೇ ನಿಧಾನವಾಯಿತು. ಆದರೂ ಕಸುಬು ಅಳಿಯದಿರಲು ವಿಮೆಯ ನಿಯಮವೊಂದು ಕಾರಣವಾಗಿದೆ: ಅಪಘಾತದ ಹಾನಿಯನ್ನು ವಿಮೆ ಕಟ್ಟಿಕೊಡುತ್ತದೆ, ಸವಕಳಿಯನ್ನು ಕಟ್ಟಿಕೊಡುವುದಿಲ್ಲ, ಮತ್ತು ತುಕ್ಕು ಸವಕಳಿಯ ಲೆಕ್ಕಕ್ಕೆ ಸೇರುತ್ತದೆ. ಗುದ್ದಿದ ಕಾರು ಕಂಪನಿಯ ವರ್ಕ್‌ಶಾಪಿಗೆ, ಕೊಳೆತ ಕಾರು ಪತ್ರಾ ಮಿಸ್ತ್ರಿಯ ಅಂಗಳಕ್ಕೆ ಹೋಗುವ ವಿಭಜನೆ ಹೀಗೆ ಖಾಯಮ್ಮಾಯಿತು. ಉಸ್ತಾದನ ಕೈಕೆಳಗೆ ವರ್ಷಗಟ್ಟಲೆ ಉಜ್ಜುವ ಕಾಗದ ಹಿಡಿದು ಕಲಿಯುತ್ತಿದ್ದ ಹುಡುಗರ ಜಾಗದಲ್ಲಿ ಐಟಿಐಗಳ ಶೀಟ್ ಮೆಟಲ್ ತರಬೇತಿ ಬಂದಿದೆ; ಆದರೆ ಅಲ್ಲಿ ತಯಾರಾದವರನ್ನು ಹೆಚ್ಚಾಗಿ ಸೆಳೆಯುವುದು ಕಾರ್ಖಾನೆಗಳೇ ಹೊರತು ಬ್ಯಾರಲ್ಲು ಸೀಳುವ ಅಂಗಳವಲ್ಲ.

ಈಚಿನ ಕಾನೂನು ಈ ಚರಿತ್ರೆಗೆ ಒಂದು ವಿಚಿತ್ರ ತಿರುವು ಕೊಟ್ಟಿದೆ. ಖಾಸಗಿ ವಾಹನದ ನೋಂದಣಿಯನ್ನು ಹದಿನೈದು ವರ್ಷಕ್ಕೆ, ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿಗೆ ಈ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು, ಮತ್ತು 2021ರ ಆಗಸ್ಟಿನಲ್ಲಿ ಪ್ರಕಟವಾದ ಗುಜರಿ ನೀತಿ ಹಳೆಯ ವಾಹನಗಳನ್ನು ಯಂತ್ರಗಳ ಪರೀಕ್ಷೆಗೆ ಒಡ್ಡಿ, ಅನರ್ಹವಾದುದನ್ನು ಕೆಡವಿಸಲು ಹೊರಟಿದೆ. ಅದೇ ವರ್ಷದ ಜುಲೈಯಲ್ಲಿ ಬಂದ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಮಾನ್ಯತೆಯನ್ನೂ ವಿಎ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನೂ ಒದಗಿಸಿವೆ. ಶುಲ್ಕ 20,000 ರೂಪಾಯಿ, ನಿತ್ಯ ಬಳಕೆಗೂ ಬಾಡಿಗೆಗೂ ಅವಕಾಶವಿಲ್ಲ. ಇದಕ್ಕೆ ಇರುವ ಮುಖ್ಯ ಷರತ್ತೆಂದರೆ ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಮೈ ಅಥವಾ ಎಂಜಿನ್ನನ್ನು ಮಾರ್ಪಡಿಸುವಂಥ ದೊಡ್ಡ ಕೆಲಸ ನಡೆದಿರಬಾರದು. ಅರಮನೆಯ ಕೊಟ್ಟಿಗೆಯಲ್ಲಿ ಬಟ್ಟೆ ಹೊದ್ದು ಕುಳಿತ ಕಾರು ಈ ಷರತ್ತನ್ನು ಸುಲಭವಾಗಿ ದಾಟುತ್ತದೆ. ಅರ್ಧ ಶತಮಾನ ಗೊಬ್ಬರ, ಕಬ್ಬು, ಜಾತ್ರೆಯ ಜನರನ್ನು ಹೊತ್ತು, ಮೂರು ಬಾರಿ ನೆಲ ಬದಲಿಸಿಕೊಂಡು, ಜನ ಹೆಚ್ಚು ಕೂರಲೆಂದು ಹಿಂಬದಿ ಹಿಗ್ಗಿಸಿಕೊಂಡ ಜೀಪು ದಾಟುವುದಿಲ್ಲ. ಮೂಲ ಆಕಾರವನ್ನೇ ಮರಳಿ ತಂದ ಅಂಚಿಗೆ ಅಂಚು ಕೂಡಿಸಿದ ಬೆಸುಗೆಯನ್ನು ರಿಪೇರಿಯೆಂದೂ, ಆಕಾರ ಕೆಡಿಸಿದ ಜೋಡಣೆಯನ್ನು ಮಾರ್ಪಾಡೆಂದೂ ಬೇರ್ಪಡಿಸಿ ನೋಡುವ ಕಣ್ಣು ನಿಯಮಕ್ಕೆ ಬರದ ಹೊರತು, ಕರ್ನಾಟಕದ ಹಳ್ಳಿಗಳ ಮೋಟಾರು ಪರಂಪರೆಯ ನಿಜವಾದ ವಾಹನಗಳು ಸಂಗ್ರಹಕ್ಕೆ ಸೇರದೆ ಗುಜರಿಯ ತೂಕಕ್ಕೇ ಹೋಗುತ್ತವೆ.